ಬಣ್ಣದ ನೀರಿಗೆ ಯೀಸ್ಟ್: ಸಣ್ಣ ಬಣ್ಣಗಾರಿಕೆ ಘಟಕಗಳಿಗೊಂದು ಮಾರ್ಗದರ್ಶಿ

ನೂಲಿನ ಲಡಿಗಳಿಗೆ ಬಣ್ಣ ಹಾಕಿ ತೊಳೆದ ಮೇಲೆ ತೊಟ್ಟಿಯಲ್ಲಿ ಉಳಿಯುವ ನೀರನ್ನು ಏನು ಮಾಡಬೇಕೆಂಬುದು ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಬೆಟಗೇರಿ, ದೊಡ್ಡಬಳ್ಳಾಪುರದಂತಹ ನೇಕಾರಿಕೆಯ ಊರುಗಳು ಸೇರಿದಂತೆ ಸಣ್ಣ ಪ್ರಮಾಣದ ಬಣ್ಣಗಾರಿಕೆ ನಡೆಯುವ ಎಲ್ಲೆಡೆ ಎದುರಾಗುವ ತೊಡಕು. ಪಟಿಕ ಹಾಕಿದರೆ ಕೆಲವು ಬಣ್ಣಗಳು ತಳಕ್ಕಿಳಿಯುತ್ತವೆ, ಆದರೆ ಹತ್ತಿಗೆ ಬಳಸುವ ಎಷ್ಟೋ ಬಣ್ಣಗಳು ನೀರಿನಲ್ಲಿಯೇ ಉಳಿದುಬಿಡುತ್ತವೆ; ಬ್ಲೀಚಿಂಗ್ ಪುಡಿ ಹಾಕಿದರೆ ಬಣ್ಣ ಕಣ್ಮರೆಯಾಗುತ್ತದೆ, ಆದರೆ ಒಡೆದ ಅಣುಗಳೊಡನೆ ಕ್ಲೋರಿನ್ ಕೂಡಿ ಹೊಸ ವಿಷವಸ್ತುಗಳು ಹುಟ್ಟಬಹುದು; ಸಕ್ರಿಯ ಇದ್ದಿಲು ಚೆನ್ನಾಗಿ ಕೆಲಸ ಮಾಡುತ್ತದೆಯಾದರೂ ಅದರ ಬೆಲೆ ಸಣ್ಣ ಘಟಕಕ್ಕೆ ಭಾರವಾಗುತ್ತದೆ. ಬ್ರೆಡ್, ಬಿಯರ್ ಮತ್ತು ಮದ್ಯಸಾರದ ತಯಾರಿಕೆಯಲ್ಲಿ ಬಳಕೆಯಾಗಿ, ಕೊನೆಗೆ ಗಸಿಯಾಗಿ ಉಳಿಯುವ ಯೀಸ್ಟ್ ಈ ತೊಡಕಿಗೆ ಒಂದು ಭಾಗಶಃ ಪರಿಹಾರವನ್ನು ಒದಗಿಸಬಲ್ಲದು. ಅದು ಯಾವ ಬಣ್ಣಕ್ಕೆ, ಯಾವ ಸ್ಥಿತಿಯಲ್ಲಿ, ಎಷ್ಟರ ಮಟ್ಟಿಗೆ ಒದಗುತ್ತದೆ ಮತ್ತು ನೀರಿನಿಂದ ಹೋದ ಬಣ್ಣ ಎಲ್ಲಿಗೆ ಸೇರುತ್ತದೆ ಎಂಬುದನ್ನು ತಿಳಿದು ಬಳಸಿದರೆ ಮಾತ್ರ ಈ ವಿಧಾನಕ್ಕೆ ಅರ್ಥವಿದೆ.

ಸಂಕ್ಷಿಪ್ತ ಹಿನ್ನೆಲೆ

1856ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಮೊದಲ ಕೃತಕ ಬಣ್ಣವಾದ ಮಾವೀನನ್ನು ಕಂಡುಕೊಂಡ ಎರಡು ವರ್ಷಗಳಲ್ಲಿಯೇ ಪೀಟರ್ ಗ್ರೀಸ್ ತೋರಿಸಿಕೊಟ್ಟ ರಾಸಾಯನಿಕ ಕ್ರಿಯೆಯಿಂದ ಅಜೋ ಬಣ್ಣಗಳ ಕುಲ ಬೆಳೆಯಿತು. ಎರಡು ನೈಟ್ರೋಜನ್ ಪರಮಾಣುಗಳು ಜೋಡಿಬಂಧದಿಂದ ಕೂಡಿಕೊಂಡಿರುವ ಈ ಬಣ್ಣಗಳೇ ಇಂದು ಬಳಕೆಯಲ್ಲಿರುವ ಕೃತಕ ಬಣ್ಣಗಳ ಪೈಕಿ ಅತಿ ದೊಡ್ಡ ಗುಂಪು. ಬಿಸಿಲು, ಸಾಬೂನು, ಬೆವರುಗಳಿಗೆ ಜಗ್ಗದಂತೆ ರೂಪಿಸಿದ ಅಣುಗಳಾದ್ದರಿಂದ ಇವು ಸಾಮಾನ್ಯ ಕೊಳಚೆ ನೀರಿನ ಶುದ್ಧೀಕರಣದಲ್ಲಿಯೂ ಸುಲಭವಾಗಿ ಒಡೆಯುವುದಿಲ್ಲ. ಯೀಸ್ಟಿನಿಂದ ಇವುಗಳನ್ನು ತೆಗೆಯುವ ಪ್ರಯತ್ನಗಳು ಕಳೆದ ಕೆಲವು ದಶಕಗಳಲ್ಲಿ ಹಲವು ದೇಶಗಳಲ್ಲಿ ನಡೆದಿವೆ. ಟರ್ಕಿಯ ಜುಮ್ರಿಯೆ ಅಕ್ಸು 2003ರಲ್ಲಿ ಕಾಕಂಬಿಯ ದ್ರಾವಣದಲ್ಲಿ ಬೆಳೆಯುತ್ತಿರುವ ಬೇಕರಿ ಯೀಸ್ಟ್ ರಿಯಾಕ್ಟಿವ್ ಬಣ್ಣಗಳನ್ನು ಒಳಗೊಳ್ಳುವ ಬಗೆಯನ್ನು ಪ್ರಕಟಿಸಿದರು. ಕರ್ನಾಟಕದ ಗಡಿಗೆ ಹೊಂದಿರುವ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಜಾಧವ್ ಮತ್ತು ಗೋವಿಂದವಾರ್ 2006ರಲ್ಲಿ ಇದೇ ಜಾತಿಯ ಯೀಸ್ಟ್ ಮ್ಯಾಲಕೈಟ್ ಹಸಿರನ್ನು ಮಾರ್ಪಡಿಸುವ ರೀತಿಯನ್ನು ವರದಿ ಮಾಡಿದರು.

ಯೀಸ್ಟ್ ಬಣ್ಣವನ್ನು ಹಿಡಿಯುವುದೇಕೆ

ಹತ್ತಿ ನೂಲಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳು ನೂಲಿನ ಅಣುವಿನೊಡನೆ ನೇರವಾಗಿ ಬೆಸೆದುಕೊಳ್ಳುವಂಥವು. ಆದರೆ ಕ್ಷಾರದ ಬಿಸಿನೀರಿನಲ್ಲಿ ಅವು ನೂಲಿನೊಡನೆಯಷ್ಟೇ ಅಲ್ಲದೆ ನೀರಿನೊಡನೆಯೂ ಕೂಡುತ್ತವೆ, ಹಾಗೆ ನೀರಿನೊಡನೆ ಕೂಡಿದ ಅಣು ಮತ್ತೆ ನೂಲನ್ನು ಹಿಡಿಯಲಾರದು. ಬಣ್ಣದ ಬಗೆ ಮತ್ತು ವಿಧಾನಗಳಿಗೆ ಅನುಗುಣವಾಗಿ ಹಾಕಿದ ಬಣ್ಣದ ಹತ್ತನೆಯ ಒಂದು ಭಾಗದಿಂದ ಅರ್ಧದವರೆಗೂ ಹೀಗೆ ತೊಳೆನೀರಿಗೆ ಸೇರುವುದುಂಟು. ನೀರಿನಲ್ಲಿ ಚೆನ್ನಾಗಿ ಕರಗಲೆಂದು ಈ ಅಣುಗಳಿಗೆ ಸಲ್ಫೋನೇಟ್ ಎಂಬ ಗುಂಪುಗಳನ್ನು ಜೋಡಿಸಿರುತ್ತಾರೆ. ಇವು ನೀರಿನಲ್ಲಿ ಋಣ ವಿದ್ಯುದಾವೇಶವನ್ನು ಹೊಂದಿರುತ್ತವೆ. ರೇಷ್ಮೆ ಮತ್ತು ಉಣ್ಣೆಗೆ ಬಳಸುವ ಆಸಿಡ್ ಬಣ್ಣಗಳೂ ಇದೇ ಸ್ವಭಾವದವು.

ಯೀಸ್ಟ್ ಏಕಕೋಶದ ಶಿಲೀಂಧ್ರ. ಬೇಕರಿ ಯೀಸ್ಟಿನ ಕೋಶವು ಸುಮಾರು 5ರಿಂದ 10 ಮೈಕ್ರಾನ್ ಗಾತ್ರದ್ದು, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗವನ್ನೂ ಮೀರದು. ಅದರ ಹೊರಗೋಡೆಯಾದ ಕೋಶಭಿತ್ತಿಯು ಮುಖ್ಯವಾಗಿ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಯಿಂದಲೂ, ಮ್ಯಾನೋಸ್ ಸಕ್ಕರೆಯೊಡನೆ ಕೂಡಿದ ಪ್ರೋಟೀನುಗಳಿಂದಲೂ, ಅತ್ಯಲ್ಪ ಪ್ರಮಾಣದ ಕೈಟಿನ್‌ನಿಂದಲೂ ರೂಪುಗೊಂಡಿದೆ. ಈ ಭಿತ್ತಿಯ ಮೇಲೆ ಅಮೀನ್, ಕಾರ್ಬಾಕ್ಸಿಲ್, ಫಾಸ್ಫೇಟ್ ಗುಂಪುಗಳು ಚಾಚಿಕೊಂಡಿರುತ್ತವೆ. ನೀರಿನ ಆಮ್ಲ-ಕ್ಷಾರ ಗುಣವನ್ನು ಅಳೆಯುವ ಪಿಎಚ್ ಮಾನವು 3ರ ಆಸುಪಾಸಿಗೆ ಇಳಿದಾಗ ಅಮೀನ್ ಗುಂಪುಗಳು ಪ್ರೋಟಾನನ್ನು ಪಡೆದು ಧನಾವೇಶ ತಾಳುತ್ತವೆ, ಕಾರ್ಬಾಕ್ಸಿಲ್ ಗುಂಪುಗಳ ಋಣಾವೇಶ ಅಡಗುತ್ತದೆ. ಆಗ ಋಣಾವೇಶದ ಬಣ್ಣದ ಅಣುಗಳು ಕೋಶದ ಮೇಲ್ಮೈಗೆ ಸೆಳೆಯಲ್ಪಟ್ಟು ಅಂಟಿಕೊಳ್ಳುತ್ತವೆ. ಹೀಗೆ ಜೈವಿಕ ವಸ್ತುವಿನ ಮೇಲ್ಮೈಗೆ ಕರಗಿದ ವಸ್ತು ಅಂಟಿಕೊಳ್ಳುವುದನ್ನು ಜೈವಿಕ ಅಧಿಶೋಷಣೆ ಎನ್ನುತ್ತಾರೆ. ಇದಕ್ಕೆ ಕೋಶ ಜೀವಂತವಾಗಿರಬೇಕಾಗಿಲ್ಲ. ಕುದಿಸಿ ಒಣಗಿಸಿದ ಸತ್ತ ಯೀಸ್ಟ್ ಈ ಕೆಲಸವನ್ನು ಹಲವು ಸಂದರ್ಭಗಳಲ್ಲಿ ಇನ್ನೂ ಚೆನ್ನಾಗಿ ಮಾಡುತ್ತದೆ, ಏಕೆಂದರೆ ಕಾವು ಕೋಶವನ್ನು ಬಿರಿಯಿಸಿ ಒಳಗಿನ ಪ್ರೋಟೀನುಗಳನ್ನೂ ಬಣ್ಣಕ್ಕೆ ಒಡ್ಡುತ್ತದೆ.

ಜೀವಂತ ಯೀಸ್ಟಿಗೆ ಇನ್ನೆರಡು ದಾರಿಗಳಿವೆ. ಬೆಳೆಯುತ್ತಿರುವ ಕೋಶವು ಬಣ್ಣವನ್ನು ತನ್ನೊಳಗೆ ಕೂಡಿಸಿಕೊಳ್ಳುವುದು ಜೈವಿಕ ಸಂಚಯನ. ಕಿಣ್ವಗಳೆಂಬ ತನ್ನ ಪ್ರೋಟೀನುಗಳ ನೆರವಿನಿಂದ ಬಣ್ಣದ ಅಣುವನ್ನೇ ಮುರಿಯುವುದು ಜೈವಿಕ ವಿಘಟನೆ. ಅಜೋ ಬಂಧವನ್ನು ಮುರಿಯುವ ಅಜೋರಿಡಕ್ಟೇಸ್, ಅಣುವಿನ ಉಂಗುರಗಳನ್ನು ಉತ್ಕರ್ಷಿಸುವ ಲ್ಯಾಕೇಸ್ ಮತ್ತು ಪೆರಾಕ್ಸಿಡೇಸ್‌ಗಳು ಇಲ್ಲಿ ಹೆಸರಿಸಬೇಕಾದ ಕಿಣ್ವಗಳು. ಕ್ಯಾಂಡಿಡಾ, ಡೆಬರಿಯೊಮೈಸಿಸ್, ಗ್ಯಾಲಕ್ಟೊಮೈಸಿಸ್ ಕುಲಗಳ ಕೆಲವು ಯೀಸ್ಟ್‌ಗಳು ಈ ವಿಘಟನೆಯಲ್ಲಿ ಹೆಚ್ಚು ಸಮರ್ಥವೆಂದು ಕಂಡುಬಂದಿವೆ. ಆದರೆ ವಿಘಟನೆಯ ದಾರಿಯಲ್ಲಿ ಒಂದು ಅಪಾಯವಿದೆ. ಅಜೋ ಬಂಧ ಮುರಿದಾಗ ಬಣ್ಣ ಹೋಗುತ್ತದೆ, ಅದರ ಬದಲಿಗೆ ಬಣ್ಣವಿಲ್ಲದ ಆರೊಮ್ಯಾಟಿಕ್ ಅಮೀನುಗಳು ಹುಟ್ಟುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಬೆಂಜಿಡೀನನ್ನು ಬಿಡುಗಡೆ ಮಾಡುವ ಬಣ್ಣಗಳನ್ನು ಭಾರತವು 1990ರ ದಶಕದಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ಪ್ರಯೋಗಾಲಯದ ಬೆಂಬಲವಿಲ್ಲದ ಸಣ್ಣ ಘಟಕಕ್ಕೆ ಸತ್ತ ಯೀಸ್ಟಿನ ಅಧಿಶೋಷಣೆಯೇ ಸುರಕ್ಷಿತವಾದ ಆರಂಭ. ಅಲ್ಲಿ ಬಣ್ಣದ ಅಣು ಮುರಿಯದೆ ಯೀಸ್ಟಿಗೆ ಅಂಟಿ ಹೊರಬರುತ್ತದೆ, ಅದರ ಲೆಕ್ಕವನ್ನು ಇಡಬಹುದು.

ಯಾವ ಬಣ್ಣಕ್ಕೆ ಹೊಂದುತ್ತದೆ, ಯಾವುದಕ್ಕೆ ಇಲ್ಲ

1. ರಿಯಾಕ್ಟಿವ್, ಆಸಿಡ್ ಮತ್ತು ಡೈರೆಕ್ಟ್ ಬಣ್ಣಗಳು: ಇವೆಲ್ಲ ಋಣಾವೇಶದವು. ಪಿಎಚ್ 2ರಿಂದ 3ರ ನಡುವೆ ಯೀಸ್ಟಿಗೆ ಚೆನ್ನಾಗಿ ಅಂಟುತ್ತವೆ, ಪಿಎಚ್ 7ರ ಬಳಿ ಅಂಟುವುದು ಬಹಳ ಕಡಿಮೆ.

2. ಬೇಸಿಕ್ ಬಣ್ಣಗಳು: ಮೆಥಿಲೀನ್ ನೀಲಿ, ಮ್ಯಾಲಕೈಟ್ ಹಸಿರು, ಮೀಥೈಲ್ ವಯೊಲೆಟ್‌ನಂತಹ ಧನಾವೇಶದ ಬಣ್ಣಗಳಿಗೆ ಇದರ ವಿರುದ್ಧ ಸ್ಥಿತಿ ಬೇಕು. ಪಿಎಚ್ 5ರಿಂದ 7ರ ನಡುವೆ ಕೋಶಭಿತ್ತಿ ಋಣಾವೇಶ ತಾಳುವುದರಿಂದ ಇವು ಅಲ್ಲಿ ಅಂಟುತ್ತವೆ, ಆಮ್ಲದ ಖರ್ಚೂ ಇರುವುದಿಲ್ಲ.

3. ವ್ಯಾಟ್ ಬಣ್ಣಗಳು ಮತ್ತು ಇಂಡಿಗೊ: ಬಳ್ಳಾರಿಯ ಜೀನ್ಸ್ ಉದ್ಯಮದ ನೀಲಿ ನೀರಿನಲ್ಲಿರುವುದು ಕರಗದ ಕಣಗಳು. ಇವುಗಳಿಗೆ ಯೀಸ್ಟ್ ಬೇಕಿಲ್ಲ. ಗಾಳಿಯಾಡಿಸಿ, ಪಟಿಕದಿಂದ ಗಡ್ಡೆಗಟ್ಟಿಸಿ, ತಳಕ್ಕಿಳಿಸಿ ಸೋಸುವುದೇ ಸರಿಯಾದ ದಾರಿ.

4. ಡಿಸ್ಪರ್ಸ್ ಬಣ್ಣಗಳು: ಪಾಲಿಯೆಸ್ಟರಿಗೆ ಬಳಸುವ ಇವು ನೀರಿನಲ್ಲಿ ಅತ್ಯಲ್ಪ ಕರಗುವುದರಿಂದ ಇವುಗಳಿಗೂ ಗಡ್ಡೆಗಟ್ಟಿಸುವ ವಿಧಾನವೇ ಮೇಲು.

5. ಸಲ್ಫರ್ ಬಣ್ಣಗಳು: ಇವುಗಳ ನೀರಿನಲ್ಲಿ ಸಲ್ಫೈಡ್ ಇರುತ್ತದೆ. ಈ ನೀರಿಗೆ ಎಂದಿಗೂ ಆಮ್ಲ ಸೇರಿಸಬಾರದು. ಕಾರಣವನ್ನು ಎಚ್ಚರಿಕೆಗಳಲ್ಲಿ ವಿವರಿಸಲಾಗಿದೆ.

ಯೀಸ್ಟನ್ನು ಆರಿಸುವುದು

ಅಂಗಡಿಯಲ್ಲಿ ಸಿಗುವ ಒಣ ಬೇಕರಿ ಯೀಸ್ಟ್ ಪರೀಕ್ಷೆಗೆ ಅನುಕೂಲ, ದಿನನಿತ್ಯದ ಬಳಕೆಗೆ ದುಬಾರಿ. ಬಿಯರ್ ಕಾರ್ಖಾನೆಗಳಲ್ಲಿ ಹುದುಗಿನ ಕೊನೆಗೆ ಉಳಿಯುವ ಯೀಸ್ಟ್ ಗಸಿ ಮತ್ತು ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಗಳ ಯೀಸ್ಟ್ ಗಸಿಗಳು ನಿತ್ಯದ ಬಳಕೆಗೆ ತಕ್ಕವು. ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳೂ ಅವುಗಳಿಗೆ ಹೊಂದಿದ ಡಿಸ್ಟಿಲರಿಗಳೂ ಇವೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳು ಅದೇ ಬಾಗಲಕೋಟೆ ಜಿಲ್ಲೆಯ ನೇಕಾರಿಕೆಯ ಊರುಗಳು. ಒಂದು ಉದ್ಯಮದ ಗಸಿ ಪಕ್ಕದ ಉದ್ಯಮದ ನೀರಿಗೆ ಒದಗುವ ಅವಕಾಶ ಇಲ್ಲಿ ಭೌಗೋಳಿಕವಾಗಿಯೇ ಇದೆ, ಸಾಗಣೆಯ ವೆಚ್ಚ ಕಡಿಮೆಯಾಗುವುದರಿಂದ ಅದು ಆರ್ಥಿಕವಾಗಿಯೂ ಪರಿಶೀಲನೆಗೆ ಅರ್ಹ.

ಗಸಿಯನ್ನು ಸಿದ್ಧಪಡಿಸುವ ಕ್ರಮ ಹೀಗಿದೆ.

1. ಗಸಿಗೆ ಎರಡು ಪಟ್ಟು ನೀರು ಬೆರೆಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ತೆಗೆಯುವುದನ್ನು ಎರಡು ಮೂರು ಬಾರಿ ಮಾಡಬೇಕು. ಉಳಿದ ಬಿಯರ್, ಸಕ್ಕರೆ, ಮದ್ಯಸಾರಗಳು ಹೋಗದಿದ್ದರೆ ಅವೇ ಮುಂದೆ ನೀರನ್ನು ಕೆಡಿಸುತ್ತವೆ.

2. ತೊಳೆದ ಯೀಸ್ಟನ್ನು 20ರಿಂದ 30 ನಿಮಿಷ ಕುದಿಸಬೇಕು. ಇದರಿಂದ ಕೋಶಗಳು ಸಾಯುತ್ತವೆ, ಹುಳಿಯುವಿಕೆ ನಿಲ್ಲುತ್ತದೆ.

3. ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಹರಡಿ, 60ರಿಂದ 70 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪೂರ್ತಿ ಒಣಗಿಸಿ ಪುಡಿಮಾಡಿ ಜರಡಿ ಹಿಡಿಯಬೇಕು. ಒಣ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಬೂಸು ಹಿಡಿಯದೆ ಉಳಿಯುತ್ತದೆ.

4. ತೊಳೆದ ನೀರಿನಲ್ಲಿ ಸಾವಯವ ಅಂಶ ಬಹಳವಿರುವುದರಿಂದ ಅದನ್ನು ಚರಂಡಿಗೆ ಬಿಡದೆ ಘಟಕದ ಶುದ್ಧೀಕರಣ ತೊಟ್ಟಿಗೇ ಸೇರಿಸಬೇಕು.

ಮೊದಲ ಪರೀಕ್ಷೆ: ಐದು ಜಾಡಿಗಳ ಪ್ರಯೋಗ

ದೊಡ್ಡ ತೊಟ್ಟಿಗೆ ಯೀಸ್ಟ್ ಸುರಿಯುವ ಮುನ್ನ ಘಟಕದ ಸ್ವಂತ ನೀರಿನ ಮೇಲೆ ಜಾಡಿ ಪರೀಕ್ಷೆ ನಡೆಸುವುದು ಅನಿವಾರ್ಯ, ಏಕೆಂದರೆ ಶುದ್ಧ ನೀರಿನಲ್ಲಿ ಒಂದೇ ಬಣ್ಣ ಕರಗಿಸಿ ನಡೆಸಿದ ಪ್ರಯೋಗದ ಫಲಿತಾಂಶವು ಉಪ್ಪು, ಸೋಡಾ, ಸಾಬೂನು ಮತ್ತು ಹಲವು ಬಣ್ಣಗಳು ಬೆರೆತ ನೀರಿಗೆ ಅನ್ವಯಿಸುವುದಿಲ್ಲ. ಸಮೀಪದ ವಿಜ್ಞಾನ ಅಥವಾ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಬಣ್ಣಮಾಪಕ ಉಪಕರಣವಿದ್ದರೆ ಈ ಪರೀಕ್ಷೆಯನ್ನು ವಿದ್ಯಾರ್ಥಿಗಳ ನೆರವಿನಿಂದ ನಡೆಸಬಹುದು.

1. ಒಂದು ದಿನದ ಎಲ್ಲ ಬಣ್ಣದ ನೀರನ್ನು ಒಂದು ತೊಟ್ಟಿಯಲ್ಲಿ ಕೂಡಿಸಿ, ಕಲಕಿ, ತಣಿಸಿ, ನೂಲಿನ ಎಳೆಗಳನ್ನು ಬಟ್ಟೆಯಿಂದ ಸೋಸಬೇಕು. ಬ್ಲೀಚಿಂಗ್ ಮಾಡಿದ ನೀರು, ಸಲ್ಫರ್ ಬಣ್ಣದ ನೀರು ಮತ್ತು ಬಣ್ಣವನ್ನು ಅಪಕರ್ಷಿಸುವ ಹೈಡ್ರೋಸ್ ಬಳಸಿದ ನೀರು ಇದರಲ್ಲಿ ಸೇರಿರಬಾರದು.

2. ಐದು ಜಾಡಿಗಳಲ್ಲಿ ತಲಾ ಅರ್ಧ ಲೀಟರ್ ನೀರು ಹಾಕಿ, ದುರ್ಬಲಗೊಳಿಸಿದ ಗಂಧಕಾಮ್ಲವನ್ನು ಹನಿಹನಿಯಾಗಿ ಸೇರಿಸಿ ಪಿಎಚ್ ಅನ್ನು 3ಕ್ಕೆ (ಬೇಸಿಕ್ ಬಣ್ಣದ ನೀರಾದರೆ 5ರಿಂದ 7ರ ನಡುವೆ) ತರಬೇಕು. ಸೋಡಾ ಇರುವ ನೀರು ನೊರೆಯುಕ್ಕುವುದರಿಂದ ಜಾಡಿ ತುಂಬಿರಬಾರದು.

3. ಮೊದಲ ಜಾಡಿಗೆ ಏನನ್ನೂ ಹಾಕಬಾರದು. ಉಳಿದವುಗಳಿಗೆ ಕ್ರಮವಾಗಿ ಅರ್ಧ, ಒಂದು, ಎರಡು, ನಾಲ್ಕು ಗ್ರಾಂ ಒಣ ಯೀಸ್ಟ್ ಹಾಕಬೇಕು. ಅಂದರೆ ಲೀಟರಿಗೆ 1, 2, 4, 8 ಗ್ರಾಂ ಆಯಿತು.

4. ಎರಡು ಗಂಟೆ ಸತತವಾಗಿ ನಿಧಾನವಾಗಿ ಕಲಕಬೇಕು. ಅಂಟುವ ಕ್ರಿಯೆಯ ಬಹುಭಾಗ ಆರಂಭದಲ್ಲಿಯೇ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ. ಅರ್ಧ ಗಂಟೆಗೊಮ್ಮೆ ಮಾದರಿ ತೆಗೆದರೆ ಸಾಕಾಗುವ ಅವಧಿ ತಿಳಿಯುತ್ತದೆ.

5. ಯೀಸ್ಟ್ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ, ಸೋಸು ಕಾಗದದಲ್ಲಿ ಸೋಸಬೇಕು.

6. ಈಗ ಮೊದಲ ಜಾಡಿಯ ನೀರನ್ನೂ ಉಳಿದ ತಿಳಿಗಳನ್ನೂ ಪಿಎಚ್ 7ಕ್ಕೆ ತಂದು, ಅವುಗಳ ಬಣ್ಣದ ತೀವ್ರತೆಯನ್ನು ಅಳೆದು ಹೋಲಿಸಬೇಕು. ಮೊದಲ ಜಾಡಿಯ ಅಳತೆಯಿಂದ ಸಂಸ್ಕರಿಸಿದ ನೀರಿನ ಅಳತೆಯನ್ನು ಕಳೆದು, ಬಂದ ವ್ಯತ್ಯಾಸವನ್ನು ಮೊದಲ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ನಿವಾರಣೆ ಸಿಗುತ್ತದೆ.

7. ಕೊನೆಯದಾಗಿ, ಬಣ್ಣ ಹಿಡಿದ ಯೀಸ್ಟಿನ ಒಂದು ಚಿಟಿಕೆಯನ್ನು ಸೋಡಾ ಬೆರೆತ ಕ್ಷಾರದ ನೀರಿಗೆ ಹಾಕಿ ನೋಡಬೇಕು. ನೀರಿಗೆ ಬಣ್ಣ ಮರಳಿ ಬಂದರೆ ಬಣ್ಣವು ಯೀಸ್ಟಿಗೆ ಅಂಟಿಯೇ ಹೋಗಿತ್ತೆಂಬುದು ಖಚಿತವಾಗುತ್ತದೆ.

ಎಷ್ಟು ಯೀಸ್ಟ್, ಎಷ್ಟು ಆಮ್ಲ

ಬಣ್ಣ ಮತ್ತು ಸ್ಥಿತಿಗಳಿಗೆ ತಕ್ಕಂತೆ ಒಂದು ಗ್ರಾಂ ಒಣ ಯೀಸ್ಟ್ ಹಿಡಿಯುವ ಬಣ್ಣ ಕೆಲವು ಹತ್ತು ಮಿಲಿಗ್ರಾಂನಿಂದ ನೂರು ಮಿಲಿಗ್ರಾಂ ಮೀರುವವರೆಗೂ ಬದಲಾಗುತ್ತದೆ. ಜಾಡಿ ಪರೀಕ್ಷೆಯಲ್ಲಿ ಗ್ರಾಂಗೆ 50 ಮಿಲಿಗ್ರಾಂ ಬಂದಿತೆಂದು ಭಾವಿಸಿದರೆ, ಲೀಟರಿಗೆ 100 ಮಿಲಿಗ್ರಾಂ ಬಣ್ಣವಿರುವ 1,000 ಲೀಟರ್ ನೀರಿನಲ್ಲಿ ಒಟ್ಟು 100 ಗ್ರಾಂ ಬಣ್ಣವಿರುವುದರಿಂದ ಅದಕ್ಕೆ 2 ಕಿಲೋ ಒಣ ಯೀಸ್ಟ್ ಬೇಕಾಗುತ್ತದೆ. ನೂರಕ್ಕೆ ಹತ್ತು ಭಾಗ ಘನಾಂಶವಿರುವ ಹಸಿ ಗಸಿಯಾದರೆ ಅದು ಸುಮಾರು 20 ಕಿಲೋ ಆಗುತ್ತದೆ.

ಆಮ್ಲದ ಲೆಕ್ಕವೂ ಅಷ್ಟೇ ಮುಖ್ಯ. ನೀರಿನಲ್ಲಿರುವ ಒಂದು ಕಿಲೋ ಸೋಡಾ ಬೂದಿಯನ್ನು ಪೂರ್ತಿ ತಟಸ್ಥಗೊಳಿಸಲು ಸುಮಾರು 0.92 ಕಿಲೋ ಶುದ್ಧ ಗಂಧಕಾಮ್ಲ ಬೇಕು. ಹಾಗೆ ತಟಸ್ಥವಾದ 1,000 ಲೀಟರ್ ನೀರನ್ನು ಪಿಎಚ್ 3ಕ್ಕೆ ಇಳಿಸಲು ಹೆಚ್ಚುವರಿಯಾಗಿ ಸುಮಾರು 50 ಗ್ರಾಂ ಸಾಕು, ಪಿಎಚ್ 2ಕ್ಕೆ ಇಳಿಸಲು ಅದರ ಹತ್ತು ಪಟ್ಟು ಬೇಕು. ಪಿಎಚ್ 2ರಲ್ಲಿ ಬಣ್ಣ ಸ್ವಲ್ಪ ಹೆಚ್ಚು ಅಂಟಿದರೂ ಅದಕ್ಕಾಗಿ ಸುರಿಯುವ ಆಮ್ಲವೂ, ಮತ್ತೆ ತಟಸ್ಥಗೊಳಿಸಲು ಹಾಕುವ ಸುಣ್ಣವೂ, ಇವೆರಡರಿಂದ ನೀರಿಗೆ ಸೇರುವ ಲವಣವೂ ಆ ಲಾಭವನ್ನು ನುಂಗಿಬಿಡುವುದರಿಂದ, ಸಣ್ಣ ಘಟಕಕ್ಕೆ ಪಿಎಚ್ 3 ಎಂಬುದೇ ಯುಕ್ತವಾದ ಗುರಿ. ಮೊದಲ ಬಣ್ಣದ ಸ್ನಾನದ ಗಾಢ ನೀರಿನಲ್ಲಿ ಸೋಡಾ ಮತ್ತು ಉಪ್ಪು ಅತ್ಯಧಿಕವಾಗಿರುವುದರಿಂದ ಅದನ್ನು ಬೇರೆ ಇಟ್ಟು, ತೊಳೆನೀರಿನೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಸಂಸ್ಕರಿಸುವುದು ಅನುಕೂಲ.

ತೊಟ್ಟಿಯಲ್ಲಿ ನಡೆಸುವ ಕ್ರಮ

1. 200 ಲೀಟರಿನ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಆರಂಭಿಸಬೇಕು. ಕಬ್ಬಿಣದ ಪೀಪಾಯಿಯನ್ನು ಆಮ್ಲ ತಿನ್ನುತ್ತದೆ.

2. ಜಾಡಿ ಪರೀಕ್ಷೆಯಂತೆಯೇ ಕೂಡಿಸಿ ಸೋಸಿದ ನೀರನ್ನು ಅದೇ ಪಿಎಚ್‌ಗೆ ತಂದು, ಪರೀಕ್ಷೆಯಲ್ಲಿ ಗೊತ್ತಾದ ಪ್ರಮಾಣದ ಯೀಸ್ಟನ್ನು ಮೊದಲು ಸ್ವಲ್ಪ ನೀರಿನಲ್ಲಿ ಕದಡಿ ಆಮೇಲೆ ಸೇರಿಸಿ, ನಿಗದಿತ ಅವಧಿಯವರೆಗೆ ಕಲಕಬೇಕು.

3. ರಾತ್ರಿಯಿಡೀ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಕೊಳವೆಯಿಂದ ಬೇರೆ ತೊಟ್ಟಿಗೆ ತೆಗೆಯಬೇಕು.

4. ಯೀಸ್ಟ್ ಬೇರ್ಪಟ್ಟ ಮೇಲೆ ಮಾತ್ರ ತಿಳಿಗೆ ಸುಣ್ಣದ ತಿಳಿನೀರು ಸೇರಿಸಿ ಪಿಎಚ್ ಅನ್ನು 7ರ ಬಳಿಗೆ ತರಬೇಕು. ಉಳಿದ ಮಬ್ಬನ್ನು ಪಟಿಕದಿಂದ ಗಡ್ಡೆಗಟ್ಟಿಸಿ ಮರಳಿನ ಸೋಸುಕದಲ್ಲಿ ಹಾಯಿಸಬೇಕು.

5. ಈ ನೀರನ್ನು ಗಾಳಿಯಾಡಿಸುವ ಜೈವಿಕ ತೊಟ್ಟಿಗೆ ಕಳುಹಿಸಬೇಕು. ಯೀಸ್ಟಿನಿಂದ ಬಿಟ್ಟುಬಂದ ಸಾವಯವ ಅಂಶ ಅಲ್ಲಿ ಒಡೆಯುತ್ತದೆ.

6. ಯೀಸ್ಟನ್ನು ಮಿತವಾಗಿ ಬಳಸಲು ಎರಡು ಹಂತಗಳನ್ನು ಇಟ್ಟುಕೊಳ್ಳಬಹುದು. ಹೊಸ ಯೀಸ್ಟನ್ನು ಮೊದಲ ಹಂತ ದಾಟಿ ಬಂದ ತಿಳಿಬಣ್ಣದ ನೀರಿಗೆ ಹಾಕಿ, ಅಲ್ಲಿ ಅರೆ ತುಂಬಿದ ಯೀಸ್ಟನ್ನು ಮಾರನೆಯ ದಿನದ ಗಾಢ ನೀರಿಗೆ ಹಾಕಿದರೆ, ಅದರ ಉಳಿದ ಸಾಮರ್ಥ್ಯವೂ ಬಳಕೆಯಾಗುತ್ತದೆ.

ಕೋಶಗಳು ಬಹಳ ಸಣ್ಣವಾದ್ದರಿಂದ ಬೇರ್ಪಡಿಸುವುದೇ ಈ ವಿಧಾನದ ಅತಿ ಕಷ್ಟದ ಹಂತ. ಇದಕ್ಕೆ ಆಲ್ಜಿನೇಟ್ ಮಣಿಗಳು ಒಂದು ಉಪಾಯ: ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟಿನ ನೂರಕ್ಕೆ ಎರಡರ ದ್ರಾವಣದಲ್ಲಿ ಯೀಸ್ಟ್ ಕಲಸಿ, ಅದನ್ನು ಕ್ಯಾಲ್ಸಿಯಂ ಕ್ಲೋರೈಡಿನ ನೂರಕ್ಕೆ ಎರಡರ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರೆ, ಕ್ಯಾಲ್ಸಿಯಂ ಆ ಹನಿಗಳನ್ನು ಗಟ್ಟಿಗೊಳಿಸುತ್ತದೆ. ಮಣಿಗಳನ್ನು ಜರಡಿಯಲ್ಲಿಯೇ ಎತ್ತಬಹುದು. ಆದರೆ ಬಣ್ಣ ಮಣಿಯ ಒಳಗೆ ಸೇರಲು ಹೆಚ್ಚು ಸಮಯ ಬೇಕು. ಅಲ್ಲದೆ ಉಪ್ಪಿನ ಸೋಡಿಯಂ ಕ್ಯಾಲ್ಸಿಯಮ್ಮನ್ನು ಹೊರದೂಡುವುದರಿಂದ ಗಾಢ ಉಪ್ಪುನೀರಿನಲ್ಲಿ ಮಣಿಗಳು ಉಬ್ಬಿ ಕರಗುತ್ತವೆ. ಯೀಸ್ಟಿಗೆ ಕಾಂತೀಯ ಕಬ್ಬಿಣದ ಆಕ್ಸೈಡ್ ಲೇಪಿಸಿ ಅಯಸ್ಕಾಂತದಿಂದ ಎಳೆದು ತೆಗೆಯುವ ವಿಧಾನವನ್ನು ಚೆಕ್ ದೇಶದ ಇವೊ ಶಫಾರ್ಜಿಕ್ ಮತ್ತು ಸಹಚರರು ಬೆಳೆಸಿದ್ದಾರೆ. ಅದು ಪ್ರಯೋಗಾಲಯಕ್ಕೆ ಹೆಚ್ಚು ಹತ್ತಿರವಾದುದು.

ಜೀವಂತ ಯೀಸ್ಟನ್ನು ಬಳಸುವುದಾದರೆ

ಪ್ರಯೋಗಾಲಯದ ನೆರವುಳ್ಳವರು ಬೆಳೆಯುವ ಯೀಸ್ಟಿನಿಂದಲೂ ಪ್ರಯತ್ನಿಸಬಹುದು. ಲೀಟರಿಗೆ 5ರಿಂದ 10 ಗ್ರಾಂ ಸಕ್ಕರೆಯ ಅಂಶ ಬರುವಷ್ಟು ಕಾಕಂಬಿ, ಒಂದು ಗ್ರಾಂ ಅಮೋನಿಯಂ ಸಲ್ಫೇಟ್, ಅಲ್ಪ ಪ್ರಮಾಣದ ಪೊಟ್ಯಾಸಿಯಂ ಫಾಸ್ಫೇಟ್ ಸೇರಿಸಿ, ಪಿಎಚ್ 4ರಿಂದ 5, ಕಾವು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಂಡರೆ ಒಂದರಿಂದ ಮೂರು ದಿನಗಳಲ್ಲಿ ಬೆಳವಣಿಗೆ ಕಾಣುತ್ತದೆ. ಉಪ್ಪು ಹೆಚ್ಚಿದಂತೆ ಬೇಕರಿ ಯೀಸ್ಟ್ ಸೊರಗುತ್ತದೆ. ಅಂತಹ ನೀರಿಗೆ ಉಪ್ಪು ತಾಳುವ ಡೆಬರಿಯೊಮೈಸಿಸ್ ಹ್ಯಾನ್ಸೆನಿಯಂತಹ ಜಾತಿಗಳು ಹೆಚ್ಚು ಹೊಂದುತ್ತವೆ. ಸರಿಯಾದ ತಳಿಗಳನ್ನು ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ತಳಿಸಂಗ್ರಹದಂತಹ ಅಧಿಕೃತ ಮೂಲಗಳಿಂದಲೇ ಪಡೆಯಬೇಕು, ಏಕೆಂದರೆ ಕ್ಯಾಂಡಿಡಾ ಕುಲದ ಕೆಲವು ಜಾತಿಗಳು ಮನುಷ್ಯರಲ್ಲಿ ಸೋಂಕು ಉಂಟುಮಾಡಬಲ್ಲವು. ಜೀವಂತ ಯೀಸ್ಟಿನ ಹಂತದ ಮುಂದೆ ಗಾಳಿಯಾಡಿಸುವ ಹಂತವೊಂದು ಇರಲೇಬೇಕು. ಅಜೋ ಬಣ್ಣದಿಂದ ಹುಟ್ಟಿದ ಅಮೀನುಗಳು ಮುಂದೆ ಒಡೆಯುವುದು ಹೆಚ್ಚಾಗಿ ಆಮ್ಲಜನಕವಿರುವ ಸ್ಥಿತಿಯಲ್ಲಿ.

ಎಚ್ಚರಿಕೆಗಳು

1. ಸಲ್ಫೈಡ್ ಇರುವ ನೀರಿಗೆ ಆಮ್ಲ ಬಿದ್ದರೆ ಪ್ರಾಣಾಪಾಯಕಾರಿಯಾದ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ಬ್ಲೀಚಿಂಗ್ ದ್ರಾವಣಕ್ಕೆ ಬಿದ್ದರೆ ಕ್ಲೋರಿನ್ ಅನಿಲ, ಹೈಡ್ರೋಸ್ ಬಳಸಿದ ನೀರಿಗೆ ಬಿದ್ದರೆ ಗಂಧಕದ ಡೈಆಕ್ಸೈಡ್ ಹೊರಡುತ್ತವೆ. ಈ ಮೂರೂ ನೀರುಗಳ ಕಾಲುವೆಗಳನ್ನು ಆಮ್ಲದ ತೊಟ್ಟಿಯಿಂದ ಶಾಶ್ವತವಾಗಿ ಬೇರ್ಪಡಿಸಬೇಕು.

2. ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಕೈಗವಸು, ಕಣ್ಣಿನ ರಕ್ಷಣೆ, ಗಾಳಿಯಾಡುವ ಜಾಗ, ಹತ್ತಿರದಲ್ಲಿ ಧಾರಾಳವಾದ ಶುದ್ಧ ನೀರು ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ಹಚ್ಚಬಾರದು.

3. ಬಣ್ಣ ಹಿಡಿದ ಯೀಸ್ಟನ್ನು ಜಾನುವಾರುಗಳ ಮೇವಿಗೆ ಬೆರೆಸುವುದಾಗಲಿ ಹೊಲಕ್ಕೆ ಗೊಬ್ಬರವಾಗಿ ಹಾಕುವುದಾಗಲಿ ಸಲ್ಲದು. ಮಣ್ಣು ತಟಸ್ಥವಾದರೆ ಸಾಕು, ಅಂಟಿದ ಬಣ್ಣ ಬಿಟ್ಟುಕೊಂಡು ಅಂತರ್ಜಲದ ಕಡೆಗೆ ಹರಿಯತೊಡಗುತ್ತದೆ. ಗಸಿಯನ್ನು ಮುಚ್ಚಿದ ಒಣಗಿಸುವ ಹಾಸಿನಲ್ಲಿ ಒಣಗಿಸಿ, ತೂಕ ದಾಖಲಿಸಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನ್ವಯ ಪರಿಸರ ಮಂಡಳಿಯ ಸೂಚನೆಯಂತೆ ಅಧಿಕೃತ ವಿಲೇವಾರಿ ವ್ಯವಸ್ಥೆಗೆ ಒಪ್ಪಿಸಬೇಕು.

4. ಯೀಸ್ಟ್ ಉಪ್ಪನ್ನು ತೆಗೆಯುವುದಿಲ್ಲ. ಜವಳಿ ಘಟಕಗಳಿಗೆ 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರಕಟಿಸಿದ ಮಾನದಂಡಗಳು ಪಿಎಚ್ 6.5ರಿಂದ 8.5ರ ನಡುವೆ ಇರಬೇಕೆಂದೂ, ಬಣ್ಣ 150 ಪ್ಲಾಟಿನಂ-ಕೋಬಾಲ್ಟ್ ಮಾನಗಳನ್ನು ಮೀರಬಾರದೆಂದೂ, ಸಾವಯವ ಹೊರೆಯ ಅಳತೆಗಳಾದ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮತ್ತು ಸಿಒಡಿ 250 ಮಿಲಿಗ್ರಾಂ ಒಳಗಿರಬೇಕೆಂದೂ ಹೇಳುತ್ತವೆ. ಬಣ್ಣವೊಂದು ಕಡಿಮೆಯಾದ ಮಾತ್ರಕ್ಕೆ ಉಳಿದವು ಪೂರೈಸಿದಂತಾಗುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪಿಎಚ್ ಬದಲಾವಣೆಯನ್ನೇ ನಿವಾರಣೆಯೆಂದು ಭಾವಿಸುವುದು: ಕೆಲವು ಬಣ್ಣಗಳು ಪಿಎಚ್‌ನೊಡನೆ ತಮ್ಮ ಛಾಯೆಯನ್ನು ಬದಲಿಸುತ್ತವೆ. ಕಾಂಗೊ ಕೆಂಪು ಪಿಎಚ್ 3ರ ಕೆಳಗೆ ನೀಲಿಯಾಗುತ್ತದೆ, ಮೀಥೈಲ್ ಕಿತ್ತಳೆ ಆಮ್ಲದಲ್ಲಿ ಕೆಂಪಾಗುತ್ತದೆ, ಮ್ಯಾಲಕೈಟ್ ಹಸಿರು ಗಾಢ ಕ್ಷಾರದಲ್ಲಿ ಮಾಸುತ್ತದೆ. ಎರಡೂ ಮಾದರಿಗಳನ್ನು ಒಂದೇ ಪಿಎಚ್‌ಗೆ ತಾರದೆ ಹೋಲಿಸಿದರೆ ಫಲಿತಾಂಶ ಸುಳ್ಳಾಗುತ್ತದೆ.

ಬಣ್ಣ ಅಡಗಿದ್ದನ್ನು ಬಣ್ಣ ಹೋಯಿತೆಂದು ತಿಳಿಯುವುದು: ಸಕ್ಕರೆ ಹಾಕಿದ ಜೀವಂತ ಯೀಸ್ಟ್ ಮೆಥಿಲೀನ್ ನೀಲಿಯನ್ನು ಅಪಕರ್ಷಿಸಿ ಬಣ್ಣವಿಲ್ಲದ ರೂಪಕ್ಕೆ ತರುತ್ತದೆ, ಆ ನೀರನ್ನು ಗಾಳಿಯಲ್ಲಿ ಕುಲುಕಿದರೆ ನೀಲಿ ಮತ್ತೆ ಮೂಡುತ್ತದೆ. ಆದ್ದರಿಂದ ಸಂಸ್ಕರಿಸಿದ ನೀರನ್ನು ಕುಲುಕಿ, ಒಂದು ದಿನ ಗಾಳಿಗೆ ತೆರೆದಿಟ್ಟು, ಆಮೇಲೆ ಅಳೆಯುವುದು ಕಡ್ಡಾಯವೆನಿಸಬೇಕು.

ಯೀಸ್ಟ್ ಇರುವಾಗಲೇ ಸುಣ್ಣ ಸೇರಿಸುವುದು: ಪಿಎಚ್ ಏರಿದೊಡನೆ ಕೋಶಭಿತ್ತಿಯ ಧನಾವೇಶ ಅಳಿದು, ಎರಡು ಗಂಟೆ ಕಲಕಿ ಅಂಟಿಸಿದ ಬಣ್ಣ ಮರಳಿ ನೀರಿಗೆ ಬರುತ್ತದೆ. ಬೇರ್ಪಡಿಸುವಿಕೆ ಮೊದಲು, ತಟಸ್ಥಗೊಳಿಸುವಿಕೆ ಆಮೇಲೆ ಎಂಬ ಕ್ರಮವನ್ನು ತಪ್ಪಿಸಬಾರದು.

ತೊಳೆಯದ ಗಸಿಯನ್ನು ಬಳಸುವುದು: ಬಣ್ಣ ಇಳಿದರೂ ಉಳಿದ ಸಕ್ಕರೆ ಮತ್ತು ಮದ್ಯಸಾರಗಳಿಂದ ಬಿಒಡಿ ಮೊದಲಿಗಿಂತ ಏರುತ್ತದೆ, ನೀರು ಎರಡೇ ದಿನಗಳಲ್ಲಿ ನಾರುತ್ತದೆ.

ಗಾಢ ಉಪ್ಪುನೀರನ್ನೂ ಸಾಬೂನಿನ ನೀರನ್ನೂ ಒಮ್ಮೆಲೇ ಬೆರೆಸುವುದು: ಹೆಚ್ಚು ಉಪ್ಪು ಯೀಸ್ಟಿನ ಮೇಲಿನ ಆವೇಶವನ್ನು ಮರೆಮಾಡಿ ಅಂಟುವಿಕೆಯನ್ನು ತಗ್ಗಿಸುತ್ತದೆ, ಸಾಬೂನಿನ ಅಣುಗಳು ಅದೇ ಜಾಗಕ್ಕಾಗಿ ಬಣ್ಣದೊಡನೆ ಪೈಪೋಟಿ ನಡೆಸುತ್ತವೆ.

ಕಣ್ಣಂದಾಜನ್ನೇ ನಂಬುವುದು: ಲೀಟರಿಗೆ ಒಂದು ಮಿಲಿಗ್ರಾಂನಷ್ಟು ಬಣ್ಣವೂ ಎಷ್ಟೋ ಸಲ ಕಣ್ಣಿಗೆ ಕಾಣುತ್ತದೆ, ಆದರೆ ಬಣ್ಣವಿಲ್ಲದ ಅಮೀನುಗಳು ಎಷ್ಟಿದ್ದರೂ ಕಾಣುವುದಿಲ್ಲ. ಸರಳವಾದ ಮೊದಲ ಸೂಚನೆಗಾಗಿ ಹೆಸರುಕಾಳಿನ ಮೊಳಕೆ ಪರೀಕ್ಷೆ ನಡೆಸಬಹುದು: ಶುದ್ಧ ನೀರು, ಸಂಸ್ಕರಿಸದ ನೀರು, ಸಂಸ್ಕರಿಸಿ ತಟಸ್ಥಗೊಳಿಸಿದ ನೀರು, ಈ ಮೂರರಲ್ಲಿಯೂ ಸಮಾನ ಸಂಖ್ಯೆಯ ಕಾಳುಗಳನ್ನು ನೆನೆಹಾಕಿ ಮೊಳೆತವುಗಳ ಎಣಿಕೆ ಮತ್ತು ಬೇರಿನ ಉದ್ದಗಳನ್ನು ಹೋಲಿಸಬೇಕು. ಸಂಸ್ಕರಿಸಿದ ನೀರಿನಲ್ಲಿಯೂ ಬೇರು ಕುಂಠಿತವಾದರೆ ವಿಷ ಅಥವಾ ಲವಣ ಉಳಿದಿದೆಯೆಂದೇ ಅರ್ಥ. ಕಾಳು ಮೊಳೆತ ಮಾತ್ರಕ್ಕೆ ನೀರು ಕುಡಿಯಲು ಅಥವಾ ಹೊಳೆಗೆ ಬಿಡಲು ಯೋಗ್ಯವೆಂದು ಭಾವಿಸಬಾರದು. ಅದನ್ನು ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೇ ಹೇಳಬೇಕು.

ಆಯ್ಕೆಯ ನಿರ್ಧಾರ

ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ ಬಣ್ಣದ ನೀರು ಹರಿದ ಪರಿಣಾಮವಾಗಿ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣಗಾರಿಕೆ ಘಟಕಗಳನ್ನೇ ಮುಚ್ಚುವಂತೆ ಆದೇಶಿಸಿತು. ನೀರು ಕೆಟ್ಟ ಮೇಲೆ ರೈತರೂ ಕಾರ್ಮಿಕರೂ ಒಟ್ಟಿಗೇ ನಷ್ಟ ಅನುಭವಿಸುತ್ತಾರೆಂಬುದನ್ನು ಆ ಪ್ರಕರಣ ತೋರಿಸಿದೆ, ಆದ್ದರಿಂದ ಸಣ್ಣ ಘಟಕಗಳು ಒತ್ತಾಯ ಬರುವವರೆಗೆ ಕಾಯದೆ ತಮ್ಮ ನೀರನ್ನು ತಾವೇ ಅರಿಯಲು ತೊಡಗುವುದು ನೇಕಾರಿಕೆಯ ಉಳಿವಿಗೂ ಅಗತ್ಯ.

ನೀರಿನಲ್ಲಿ ಮುಖ್ಯವಾಗಿ ರಿಯಾಕ್ಟಿವ್, ಆಸಿಡ್ ಅಥವಾ ಬೇಸಿಕ್ ಬಣ್ಣಗಳಿದ್ದು, ಉಪ್ಪು ಮಿತವಾಗಿದ್ದು, ಯೀಸ್ಟ್ ಗಸಿ ಹತ್ತಿರದಲ್ಲಿ ಕಡಿಮೆ ವೆಚ್ಚಕ್ಕೆ ಸಿಗುವಂತಿದ್ದು, ಬಣ್ಣ ಹಿಡಿದ ಗಸಿಯ ವಿಲೇವಾರಿಗೆ ವ್ಯವಸ್ಥೆಯಿದ್ದರೆ ಯೀಸ್ಟ್ ಪರಿಗಣಿಸಬೇಕಾದ ಆಯ್ಕೆ. ಈ ನಾಲ್ಕರಲ್ಲಿ ಕೊನೆಯದು ಇಲ್ಲದಿದ್ದರೆ ಉಳಿದ ಮೂರಿದ್ದೂ ಆರಂಭಿಸಬಾರದು, ಏಕೆಂದರೆ ಆಗ ಮಾಲಿನ್ಯವು ನೀರಿನಿಂದ ಮಣ್ಣಿಗೆ ಜಾಗ ಬದಲಿಸುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಂದೊಂದೇ ಘಟಕಕ್ಕೆ ಇದು ಭಾರವೆನಿಸಿದರೆ, ಒಂದು ಊರಿನ ಹಲವು ಘಟಕಗಳು ಸಹಕಾರ ಸಂಘದ ಮೂಲಕ ಸಾಮಾನ್ಯ ತೊಟ್ಟಿ, ಸಾಮಾನ್ಯ ಪರೀಕ್ಷೆ ಮತ್ತು ಸಾಮಾನ್ಯ ವಿಲೇವಾರಿಯನ್ನು ಏರ್ಪಡಿಸಿಕೊಳ್ಳಬಹುದು. ಅಂಥ ಏರ್ಪಾಟಿನ ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬಳಸಿದ ಬಣ್ಣದ ಹೆಸರು ಮತ್ತು ತೂಕ, ನೀರಿನ ಪ್ರಮಾಣ, ಹಾಕಿದ ಆಮ್ಲ, ಯೀಸ್ಟ್ ಮತ್ತು ಸುಣ್ಣ, ಸಂಸ್ಕರಣೆಗೆ ಮುನ್ನ ಮತ್ತು ನಂತರದ ಅಳತೆಗಳು ಹಾಗೂ ಹೊರಹೋದ ಗಸಿಯ ತೂಕಗಳನ್ನು ಬರೆದಿಡಬೇಕು. ತೊಟ್ಟಿಗೆ ಬಂದ ಬಣ್ಣಕ್ಕೂ ಗಸಿಯೊಡನೆ ಹೋದ ಬಣ್ಣಕ್ಕೂ ಆ ಪುಸ್ತಕದಲ್ಲಿ ತಾಳೆ ಬೀಳುವವರೆಗೆ ವಿಧಾನವನ್ನು 200 ಲೀಟರಿನ ಪೀಪಾಯಿಯಿಂದ ಮುಂದಕ್ಕೆ ವಿಸ್ತರಿಸಬಾರದು.